ಬಸುರಿಯ ಅಪಾಯ ಆಸ್ಪತ್ರೆ ಬಾಗಿಲಲ್ಲಿ ಶುರುವಾಗುವುದಿಲ್ಲ: ಇಬ್ಬರು ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ,

ಮಾನ್ಯರೇ,

ಇಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ಅದಕ್ಕೆ ಕಾರಣ ಇದೆ. ನಮ್ಮ ಹಳ್ಳಿಗಳಲ್ಲಿ ಒಬ್ಬ ಬಸುರಿಯ ಮನೆಗೆ ಇಬ್ಬರು ಹೋಗುತ್ತಾರೆ. ಆಶಾ ಕಾರ್ಯಕರ್ತೆ ಆರೋಗ್ಯ ಇಲಾಖೆಯವರು, ಅಂಗನವಾಡಿ ಟೀಚರ್ ಮಹಿಳಾ ಮತ್ತು ಮಕ್ಕಳ ಇಲಾಖೆಯವರು. ಇಬ್ಬರೂ ಅದೇ ಕಟ್ಟೆ ಮೇಲೆ ಕೂತು ಅದೇ ಹೆಣ್ಣುಮಗಳನ್ನು ಮಾತಾಡಿಸುತ್ತಾರೆ. ಒಬ್ಬರು ಬರೆದುಕೊಂಡದ್ದು ತಾಯಿ-ಮಗುವಿನ ಆರೋಗ್ಯ ದಾಖಲಿಸುವ ಆರ್‌ಸಿಎಚ್ ಪೋರ್ಟಲ್‌ಗೆ ಹೋಗುತ್ತದೆ, ಇನ್ನೊಬ್ಬರದು ಪೌಷ್ಟಿಕ ಆಹಾರದ ಲೆಕ್ಕ ಇಡುವ ಪೋಷಣ್ ಟ್ರ್ಯಾಕರ್‌ಗೆ. ಅವಳಿಗೆ ರಕ್ತ ಎಷ್ಟಿದೆ ಎಂದು ಒಂದು ಇಲಾಖೆಗೆ ಗೊತ್ತು, ಅವಳು ಊಟಕ್ಕೆ ಬಂದಳೋ ಇಲ್ಲವೋ ಎಂದು ಇನ್ನೊಂದಕ್ಕೆ ಗೊತ್ತು. ಎರಡನ್ನೂ ಒಟ್ಟಿಗೆ ಇಟ್ಟು ನೋಡುವವರು ಯಾರೂ ಇಲ್ಲ.

ನಾನು ಕಲ್ಯಾಣ ಕರ್ನಾಟಕದ ಸರ್ಕಾರಿ ಹೆರಿಗೆ ವಾರ್ಡುಗಳಲ್ಲಿ ನರ್ಸ್ ಆಗಿ ದುಡಿದವಳು. ಈಗ ನಿವೃತ್ತಿಯಾಗಿದೆ. ಯಾರ ಮೇಲೂ ದೂರು ಹೇಳುವುದಕ್ಕೆ ಬರೆಯುತ್ತಿಲ್ಲ. ಒಂದೇ ಒಂದು ಮಾತು ನಿಮ್ಮ ಗಮನಕ್ಕೆ ತರಬೇಕಿದೆ. ಹೆರಿಗೆಯಲ್ಲಿ ಸಾಯುವ ಬಹಳಷ್ಟು ಹೆಂಗಸರ ಅಪಾಯ ತಿಂಗಳುಗಟ್ಟಲೆ ಮುಂಚೆಯೇ ಯಾರಿಗೋ ಒಬ್ಬರಿಗೆ ಗೊತ್ತಿರುತ್ತದೆ. ಆದರೆ ಹೆರಿಗೆ ಮಾಡಿಸುವವರಿಗೆ ಮಾತ್ರ ಗೊತ್ತಿರುವುದಿಲ್ಲ.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಇಡೀ ರಾಜ್ಯ ತಲ್ಲಣಿಸಿತು. ಸಲಾಯಿನ್ ಬಾಟಲಿಗಳ ಮೇಲೆ ಅನುಮಾನ ಬಂತು. ಆ ದ್ರಾವಣ ಕೊಡುವುದನ್ನು ನಿಲ್ಲಿಸಲಾಯಿತು. ಅದು ಆಗಲೇಬೇಕಿತ್ತು. ಆಮೇಲೆ ಸರ್ಕಾರ ಇನ್ನೊಂದು ಒಳ್ಳೆಯ ಕೆಲಸ ಮಾಡಿತು. 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಿ ಆದ ತಾಯಂದಿರ ಸಾವುಗಳನ್ನೆಲ್ಲ ತಜ್ಞರಿಂದ ಪರಿಶೀಲಿಸಿತು. ಒಟ್ಟು 464 ಸಾವು. ಅವುಗಳಲ್ಲಿ ಶೇ 70ಕ್ಕೂ ಹೆಚ್ಚನ್ನು ತಪ್ಪಿಸಬಹುದಿತ್ತು ಎಂದು ವರದಿ ಬಂತು. ದ್ರಾವಣದ ಜೊತೆ ತಳುಕು ಹಾಕಿಕೊಂಡ ಸಾವುಗಳು ಅದರಲ್ಲಿ ಸಣ್ಣ ಪಾಲು. ಉಳಿದ ನೂರಾರು ಹೆಂಗಸರ ಬಗ್ಗೆ ಟಿವಿಯಲ್ಲಿ ಚರ್ಚೆ ಆಗಲಿಲ್ಲ. ನನ್ನ ಪತ್ರ ಅವರ ಬಗ್ಗೆ.

ಬಸುರಿಯ ತಪಾಸಣೆ ಬರೆದಿಡುವ ಒಂದು ತಾಯಿ ಕಾರ್ಡಿನ ವಿಷಯ ಹೇಳುತ್ತೇನೆ. ಊರು, ಹೆಸರು ಬೇಡ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೀರೆ ನಡುವೆ ಇಟ್ಟಿದ್ದ ಕಾರ್ಡು. ಹುಡುಗಿಯ ವಯಸ್ಸು 19, ಎರಡನೇ ಬಸುರು. ಮೊದಲನೆಯ ಮಗುವಿಗೆ ಇನ್ನೂ ಒಂದೂವರೆ ವರ್ಷ ತುಂಬಿಲ್ಲ. ಎತ್ತರ 143 ಸೆಂಟಿಮೀಟರ್, ತೂಕ 41 ಕೆಜಿ. ಐದನೇ ತಿಂಗಳಲ್ಲಿ ಹಿಮೋಗ್ಲೋಬಿನ್ 7.4. ಮೇಲ್ಗಡೆ ಕೆಂಪು ಶಾಯಿಯಲ್ಲಿ ದಪ್ಪಗೆ ಎಚ್‌ಆರ್‌ಪಿ ಎಂದು ಬರೆದಿತ್ತು. ಅಂದರೆ ಅಪಾಯದ ಬಸುರು. ಬರೆದ ಸಿಸ್ಟರ್ ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದರು. ಅದರ ಮುಂದಿನ ಮೂರು ತಿಂಗಳ ಕಾಲಂಗಳು ಖಾಲಿ. ಗಂಡನ ಜೊತೆ ಬೆಂಗಳೂರಿಗೆ ಗುಳೆ ಹೋಗಿದ್ದಳು, ಕಟ್ಟಡದ ಕೆಲಸಕ್ಕೆ. ಕಾರ್ಡು ಊರಲ್ಲೇ ಉಳಿದಿತ್ತು. ವಾಪಸ್ ಬಂದವಳು ಸೀದಾ ತವರಿಗೆ ಹೋದಳು. ತವರೂರಿನ ಆಶಾಗೆ ಇವಳು ಬಂದದ್ದೇ ಗೊತ್ತಿಲ್ಲ. ರಾತ್ರಿ ನೋವು ಶುರುವಾಯಿತು, ಟಂಟಂನಲ್ಲಿ ಕರೆತಂದರು. ಹೆರಿಗೆ ಆಯಿತು, ರಕ್ತ ನಿಲ್ಲಲಿಲ್ಲ. ನಮ್ಮಲ್ಲಿ ಆ ಗುಂಪಿನ ರಕ್ತ ಇರಲಿಲ್ಲ. 108ರಲ್ಲಿ ಹಾಕಿ ಜಿಲ್ಲಾ ಕೇಂದ್ರಕ್ಕೆ ಕಳಿಸಿದೆವು. ಆಕೆ ಬದುಕಿದಳು. 1.8 ಕೆಜಿ ಇದ್ದ ಮಗು ಬದುಕಲಿಲ್ಲ.

ಆ ಕಾರ್ಡಿನಲ್ಲಿ ವೈದ್ಯರಿಗೆ ಬೇಕಾದ ಎಲ್ಲವೂ ಇತ್ತು ಅಲ್ವಾ? ಆದರೂ ಆ ರಾತ್ರಿ ನಮ್ಮ ವಾರ್ಡಿಗೆ ಅವಳು ಹೊಸಬಳು.

ರಕ್ತ ಕಡಿಮೆ ಇರುವುದನ್ನು ನಮ್ಮ ಕಡೆ ಕಾಯಿಲೆ ಎಂದೇ ಎಣಿಸುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಬಸುರಿಯರಲ್ಲಿ ಶೇ 45.7 ಮಂದಿಗೆ ರಕ್ತಹೀನತೆ ಇತ್ತು. ಅದರ ಹಿಂದಿನ ಸಮೀಕ್ಷೆಯಲ್ಲೂ ಹೆಚ್ಚೂಕಡಿಮೆ ಅಷ್ಟೇ ಇತ್ತು. ಅದೇ ಸಮೀಕ್ಷೆಯಲ್ಲಿ ಆಸ್ಪತ್ರೆ ಹೆರಿಗೆ ಶೇ 97. ಈ ಎರಡು ಅಂಕಿಗಳನ್ನು ದಯವಿಟ್ಟು ಪಕ್ಕಪಕ್ಕ ಇಟ್ಟು ನೋಡಿ. ಹೆಂಗಸರನ್ನು ಆಸ್ಪತ್ರೆಗೆ ಕರೆತರುವುದರಲ್ಲಿ ನಾವು ಗೆದ್ದಿದ್ದೇವೆ. ಅವರು ಯಾವ ಸ್ಥಿತಿಯಲ್ಲಿ ಬರುತ್ತಾರೆ ಎಂಬುದು ಮಾತ್ರ ಬದಲಾಗಲಿಲ್ಲ.

ಬಸುರಿಗೆ ಹಿಮೋಗ್ಲೋಬಿನ್ 11 ಆದರೂ ಇರಬೇಕು. 7ಕ್ಕಿಂತ ಕೆಳಗೆ ಹೋದರೆ ಅದು ತೀವ್ರ ರಕ್ತಹೀನತೆ. ಹೆರಿಗೆಯಲ್ಲಿ ಎಲ್ಲರಿಗೂ ಒಂದಿಷ್ಟು ರಕ್ತ ಹೋಗುತ್ತದೆ. 12 ಇರುವವಳು ಅರ್ಧ ಲೀಟರ್ ಹೋದರೂ ಎದ್ದು ಕೂರುತ್ತಾಳೆ, ಗಂಜಿ ಕೇಳುತ್ತಾಳೆ. 7 ಇರುವವಳಿಗೆ ಅಷ್ಟೇ ರಕ್ತ ಹೋದರೆ ತುಟಿ ಬಿಳಚಿಕೊಂಡು, ಉಸಿರು ಮೇಲೆ ಕೆಳಗೆ ಆಗುತ್ತದೆ. ಗರ್ಭಕೋಶ ಬಿಗಿಯಾಗದೆ ರಕ್ತ ಸುರಿಯತೊಡಗಿದರೆ ನಮ್ಮ ಕೈಯಲ್ಲಿ ಎರಡು ತಾಸು ಕೂಡ ಇರುವುದಿಲ್ಲ. ಸಾವಿನ ದಾಖಲೆಯಲ್ಲಿ 'ಅತಿ ರಕ್ತಸ್ರಾವ' ಎಂದು ಬರೆಯುತ್ತೇವೆ. ಅವಳು ಬಾಲ್ಯದಿಂದಲೂ ಎಲ್ಲರದೂ ಆದ ಮೇಲೆ ಕಡೆಯಲ್ಲಿ ಉಂಡವಳು, ಮೈನೆರೆದಾಗಿನಿಂದ ರಕ್ತ ಕಡಿಮೆ ಇದ್ದವಳು ಎಂದು ಬರೆಯಲು ಅಲ್ಲಿ ಜಾಗ ಇಲ್ಲ.

ಗುಳಿಗೆ ಕೊಡುತ್ತೇವೆ ನಿಜ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದು ಕಬ್ಬಿಣದ ಗುಳಿಗೆ, 180 ದಿನ. ಹೆರಿಗೆ ಆದ ಮೇಲೆ ಮತ್ತೆ 180 ದಿನ. ಲೆಕ್ಕದಲ್ಲಿ ಕೊಟ್ಟದ್ದು ಸರಿ ಇರುತ್ತದೆ, ನುಂಗಿದ್ದು ಎಷ್ಟು ಎಂದು ಕೇಳಬೇಕಾದರೆ ಹಾಸಿಗೆ ಎತ್ತಿ ನೋಡಬೇಕು. ಗುಳಿಗೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಮಗು ಕಪ್ಪಗೆ ಹುಟ್ಟುತ್ತದೆ ಎಂದು ಯಾರೋ ಹೇಳಿರುತ್ತಾರೆ. ನುಂಗುವವರಲ್ಲೂ ಎಷ್ಟೋ ಜನ ಚಹಾದ ಜೊತೆ ನುಂಗುತ್ತಾರೆ. ಚಹಾ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಕ್ಯಾಲ್ಸಿಯಂ ಗುಳಿಗೆಯನ್ನೂ ಅದರ ಜೊತೆಗೇ ನುಂಗಬಾರದು. ರಾತ್ರಿ ಊಟ ಆಗಿ ಸ್ವಲ್ಪ ಹೊತ್ತಿಗೆ ನುಂಗು, ನಿಂಬೆಹಣ್ಣಿನ ಪಾನಕ ಕುಡಿ ಎಂದು ಹೇಳಿಕೊಡಲು ಐದು ನಿಮಿಷ ಬೇಕು. ಒಂದೇ ಬೆಳಗ್ಗೆ ನೂರು ಬಸುರಿಯರನ್ನು ನೋಡುವ ಸಿಸ್ಟರ್‌ಗೆ ಆ ಐದು ನಿಮಿಷ ಎಲ್ಲಿಂದ ಬರಬೇಕು? ಗುಳಿಗೆಯಿಂದ ರಕ್ತ ಏರದವರಿಗೆ, ತಿಂಗಳು ತುಂಬುತ್ತಾ ಬಂದವರಿಗೆ ನರದ ಮೂಲಕ ಕೊಡುವ ಕಬ್ಬಿಣದ ಇಂಜೆಕ್ಷನ್ ಇದೆ. ಅದನ್ನು ಕೊಡಿಸಬೇಕಾದರೆ ಮನೆಯವರು ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಕರೆತರಬೇಕು. ಕೂಲಿ ಬಿಡಲು ಅತ್ತೆ ಒಪ್ಪಬೇಕು, ಗಂಡ ಒಪ್ಪಬೇಕು. ವೈದ್ಯಕೀಯ ಕಾರಣ, ಸಾಮಾಜಿಕ ಕಾರಣ ಎಂದು ಬೇರೆ ಮಾಡುವುದು ಕಾಗದದ ಮೇಲೆ ಮಾತ್ರ ಸಾಧ್ಯ.

ಇನ್ನು ವಯಸ್ಸು. ಅದೇ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ ಶೇ 21.3 ಮಂದಿಗೆ 18 ತುಂಬುವ ಮೊದಲೇ ಮದುವೆ ಆಗಿತ್ತು. ಐದರಲ್ಲಿ ಒಬ್ಬಳು! ನಮ್ಮದು ಗಟ್ಟಿ ಕಾನೂನು. 2006ರ ಕೇಂದ್ರ ಕಾಯ್ದೆಗೆ ತಿದ್ದುಪಡಿ ತಂದು, ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದವರು ನಾವು. ಆದರೆ ಕಾನೂನಿಗೆ ಹೆದರಿ ಜನ ಮದುವೆ ನಿಲ್ಲಿಸಿದ್ದು ಕಡಿಮೆ, ವಯಸ್ಸು ಮುಚ್ಚಿಟ್ಟದ್ದು ಜಾಸ್ತಿ. ವಾರ್ಡಿನಲ್ಲಿ ಕೂತು ಕೇಳಿದರೆ ಎಲ್ಲರಿಗೂ 19. ಮುಖ ನೋಡಿದರೆ ಇನ್ನೂ ಹೈಸ್ಕೂಲಿನ ಮಕ್ಕಳು.

18 ತುಂಬದ ಹುಡುಗಿ ಬಸುರಿ ಎಂದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಆಸ್ಪತ್ರೆ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳನ್ನು ಕಾಯುವ ಕಾನೂನು ಅದು, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಹೆದರಿದ ಮನೆಯವರು ಏನು ಮಾಡುತ್ತಾರೆ ನೋಡಿ. ಮೊದಲ ಮೂರು ತಿಂಗಳು ಆಸ್ಪತ್ರೆ ಕಡೆ ಸುಳಿಯುವುದಿಲ್ಲ. ತಾಯಿ ಕಾರ್ಡು ಮಾಡಿಸುವುದಿಲ್ಲ. ಮಾಡಿಸಿದರೂ ವಯಸ್ಸು ಸುಳ್ಳು. ಎಲ್ಲರಿಗಿಂತ ಜಾಸ್ತಿ ತಪಾಸಣೆ ಬೇಕಾದ ಹುಡುಗಿ ಎಲ್ಲರಿಗಿಂತ ತಡವಾಗಿ ನಮ್ಮ ಕೈಗೆ ಸಿಗುತ್ತಾಳೆ. ಅವಳ ಸೊಂಟದ ಎಲುಬು ಇನ್ನೂ ಬೆಳೆಯುತ್ತಿರುತ್ತದೆ. ಬಿಪಿ ಏರುವ, ರಕ್ತ ಇಳಿಯುವ, ದಿನ ತುಂಬುವ ಮೊದಲೇ ಹೆರಿಗೆಯಾಗುವ, ಮಗು ತೂಕ ಇಲ್ಲದೆ ಹುಟ್ಟುವ ಸಾಧ್ಯತೆ ಅವಳಿಗೆ ಹೆಚ್ಚು. ಕೇಸು ಅದರ ಪಾಡಿಗೆ ನಡೆಯಲಿ. ಅವಳ ತಪಾಸಣೆಗೆ ಯಾವ ಅಡ್ಡಿಯೂ ಆಗದಂತೆ, ಮನೆಯವರು ಹೆದರಿ ಬಚ್ಚಿಡದಂತೆ ಒಂದು ದಾರಿಯನ್ನು ನಿಮ್ಮಿಬ್ಬರ ಇಲಾಖೆಗಳು ಕೂತು ಹುಡುಕಬೇಕು.

ಮದುವೆ ತಡವಾಗಬೇಕಾದರೆ ಹುಡುಗಿ ಓದುತ್ತಿರಬೇಕು. ಹತ್ತನೇ ತರಗತಿ ಆದ ಮೇಲೆ ಕಾಲೇಜು ದೂರದ ಊರಿನಲ್ಲಿ, ಸಂಜೆ ಬಸ್ಸಿಲ್ಲ ಎಂದರೆ ಅಪ್ಪ ಗಂಡು ನೋಡಲು ಶುರು ಮಾಡುತ್ತಾನೆ. ಇದನ್ನು ನಾನು ಒಂದಲ್ಲ, ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಹಾಗಾಗಿ ಸಂಜೆ ಐದು ಗಂಟೆಯ ಬಸ್ಸು ಕೂಡ ತಾಯಂದಿರ ಆರೋಗ್ಯದ ಯೋಜನೆಯೇ ಎಂದು ನಾನು ನಂಬಿದ್ದೇನೆ.

ಬಿಪಿಯ ಬಗ್ಗೆ ಊರಿನವರಿಗೂ ಒಂದು ಮಾತು ಹೇಳಬೇಕು, ಈ ಪತ್ರ ಅವರೂ ಓದಲಿ. ಬಸುರಿಗೆ ಕಾಲು ಬಾತರೆ, "ಬಸುರಿದ್ದಾಗ ಬಾವು ಬರೋದೇ ರೀ ಸಿಸ್ಟರ್, ಅದಕ್ಯಾಕ ದವಾಖಾನಿ" ಎನ್ನುತ್ತಾರೆ ಹಿರಿಯರು. ಪಾದ ಸ್ವಲ್ಪ ಬಾಯುವುದು ನಿಜವಾಗಿಯೂ ಸಹಜ. ಆದರೆ ಮುಖ, ಕೈ ಬಾತುಕೊಂಡರೆ, ತಲೆ ಸಿಡಿಯುವಂತೆ ನೋಯುತ್ತಿದ್ದರೆ, ಕಣ್ಣು ಮಂಜಾದರೆ, ಎದೆಗುಂಡಿಗೆ ಕೆಳಗೆ ನೋವು ಬಂದರೆ ಒಂದು ಗಂಟೆಯೂ ಕಾಯಬಾರದು. ಅದು ಬಿಪಿ ಏರಿ ಬರುವ ನಂಜು. ಮುಂದಿನ ಹಂತ ಫಿಟ್ಸ್. ಫಿಟ್ಸ್ ಬಂದವಳಿಗೆ ಗಾಳಿ ಮೆಟ್ಟಿದೆ ಎಂದು ಮೊದಲು ದೇವರ ಗುಡಿಗೆ ಒಯ್ದು, ಆಮೇಲೆ ನಮ್ಮ ಹತ್ತಿರ ತಂದವರಿದ್ದಾರೆ. ಮೆಗ್ನೀಷಿಯಂ ಸಲ್ಫೇಟ್ ಎಂಬ ಅಗ್ಗದ ಇಂಜೆಕ್ಷನ್ ಆ ಫಿಟ್ಸನ್ನು ತಡೆಯುತ್ತದೆ. ಗುಡಿಗೆ ಹೋದ ಆ ಎರಡು ತಾಸು ಮಾತ್ರ ಯಾವ ಇಂಜೆಕ್ಷನ್ನಿನಿಂದಲೂ ವಾಪಸ್ ಬರುವುದಿಲ್ಲ.

ಸಕ್ಕರೆ ಕಾಯಿಲೆ, ಥೈರಾಯ್ಡ್, ಹಿಂದಿನ ಸಿಸೇರಿಯನ್, ಅವಳಿ, ಸೋದರ ಸಂಬಂಧದಲ್ಲಿ ಆದ ಮದುವೆ, ಇವೆಲ್ಲದರ ಬಗ್ಗೆ ವೈದ್ಯರು ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಹೇಳಬೇಕಾದದ್ದು ವೈದ್ಯರು ಕೇಳದ ವಿಷಯ.

ಹೊಡೆತ. ಅದೇ ಸಮೀಕ್ಷೆಯಲ್ಲಿ, ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಶೇ 44ಕ್ಕೂ ಹೆಚ್ಚು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ರಾಜ್ಯಗಳ ಪಟ್ಟಿಯಲ್ಲಿ ನಾವೇ ಮೇಲಿದ್ದೆವು. ಬಸುರಿದ್ದಾಗಲೂ ಹೊಡೆತ ತಿಂದವರು ಅದರಲ್ಲಿ ಇದ್ದಾರೆ. ಹೊಟ್ಟೆ ಪರೀಕ್ಷೆ ಮಾಡುವಾಗ ಸೊಂಟದ ಮೇಲೆ ಹಸಿರುಗಟ್ಟಿದ ಗಾಯ ಕಂಡರೆ "ಬಚ್ಚಲಲ್ಲಿ ಜಾರಿದೆ" ಎಂಬ ಉತ್ತರ ಬರುತ್ತದೆ. ಪಕ್ಕದಲ್ಲಿ ಅತ್ತೆ ನಿಂತಿರುತ್ತಾಳೆ. ಅವಳನ್ನು ಒಬ್ಬಳನ್ನೇ ಕೂರಿಸಿ ಮಾತಾಡಿಸಲು ಎಷ್ಟೋ ಆಸ್ಪತ್ರೆಗಳಲ್ಲಿ ಒಂದು ಕೋಣೆ ಇಲ್ಲ, ಒಂದು ಪರದೆಯೂ ಇಲ್ಲ. ಹೊಡೆತ ತಿನ್ನುವವಳು ತಪಾಸಣೆಗೆ ತಪ್ಪದೆ ಬರಲು ಸಾಧ್ಯವೇ? ಹೊಟ್ಟೆ ತುಂಬ ಉಣ್ಣಲು ಸಾಧ್ಯವೇ? ಕಾರ್ಡಿನಲ್ಲಿ ಇದಕ್ಕೂ ಜಾಗ ಬೇಕು.

ಊಟದ ಮಾತು ಬಂದದ್ದರಿಂದ ಮಾತೃಪೂರ್ಣದ ಬಗ್ಗೆ. 2017ರ ಅಕ್ಟೋಬರ್ 2ರಂದು ಶುರುವಾದಾಗ ನನಗೆ ತುಂಬ ಸಂತೋಷ ಆಗಿತ್ತು. ಬಸುರಿಗೆ, ಬಾಣಂತಿಗೆ ಅಂಗನವಾಡಿಯಲ್ಲಿ ಬಿಸಿ ಊಟ, ಮೊಟ್ಟೆ, ಹಾಲು, ಚಿಕ್ಕಿ. ಮನೆಗೆ ಅಕ್ಕಿ ಬೇಳೆ ಕೊಟ್ಟರೆ ಅದು ಮನೆಮಂದಿಯ ಪಾಲಾಗುತ್ತದೆ, ಅವಳ ತಟ್ಟೆಗೆ ಬರುವುದಿಲ್ಲ ಎಂದು ತಿಳಿದು ಮಾಡಿದ ಯೋಜನೆ ಅದು. ಆದರೆ ಬೆಳಗ್ಗೆ ಆರಕ್ಕೆ ಹೊಲಕ್ಕೆ ಹೋಗಿ ಸಂಜೆ ಬರುವವಳು ಮಧ್ಯಾಹ್ನ ಅಂಗನವಾಡಿಗೆ ಹೇಗೆ ಬರುತ್ತಾಳೆ? ಹಸಿ ಬಾಣಂತಿಯನ್ನು ಹೊಸಿಲು ದಾಟಿಸದ ಮನೆಯಿಂದ ಅವಳು ಹೇಗೆ ಬರುತ್ತಾಳೆ? ಅಂಥವರ ಊಟವನ್ನು ಡಬ್ಬಿಯಲ್ಲಿ ಮನೆಗೆ ಮುಟ್ಟಿಸಿ. ಡಬ್ಬಿ ಕೊಡುವ ಕೈಯೇ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಲಿ, ಬಿಳಚಿಕೊಂಡಿದ್ದರೆ ಆಶಾಗೆ ಫೋನ್ ಮಾಡಲಿ.

ಇದೆಲ್ಲ ತಾಯಿಯ ಮಟ್ಟಿಗೆ ನಿಲ್ಲುವುದಿಲ್ಲ. ಮೈಸೂರಿನ ಮಿಷನ್ ಆಸ್ಪತ್ರೆ, ಅಂದರೆ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ ಬರೆದಿಟ್ಟ ದಾಖಲೆಗಳಿದ್ದವು. ಆ ಮಕ್ಕಳು ನಡುವಯಸ್ಸು ದಾಟಿದ ಮೇಲೆ ಸಂಶೋಧಕರು ಅವರನ್ನು ಹುಡುಕಿ ಪರೀಕ್ಷೆ ಮಾಡಿದರು. ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡಿತು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಇವತ್ತು ಅರೆಹೊಟ್ಟೆಯಲ್ಲಿರುವ ಬಸುರಿಯ ಮಗು ಐವತ್ತು ವರ್ಷ ಆದ ಮೇಲೆ ನಿಮ್ಮ ಹೃದ್ರೋಗ ಆಸ್ಪತ್ರೆಯ ಸಾಲಿನಲ್ಲಿ ನಿಂತಿರುತ್ತದೆ.

ಹಳ್ಳಿಗಳಲ್ಲಿ ಈ ಅಪಾಯ ತಡೆಯಲು ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಬೆಳಗಾವಿ ಜಿಲ್ಲೆಯ ಹಳ್ಳಿಗಳನ್ನು ತೋರಿಸಿ. ಅಲ್ಲಿ 1,600ಕ್ಕೂ ಹೆಚ್ಚು ಹೆಂಗಸರ ಮೇಲೆ ಒಂದು ಅಧ್ಯಯನ ಆಯಿತು. ಹೆರಿಗೆ ಆದ ಕೂಡಲೇ ನಮ್ಮಂಥ ಎಎನ್‌ಎಂ ಸಿಸ್ಟರ್‌ಗಳೇ, ಅಂದರೆ ಹಳ್ಳಿಯ ಆರೋಗ್ಯ ಸಹಾಯಕಿಯರೇ, ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಗುಳಿಗೆ ನುಂಗಿಸಿದರು. ಗುಳಿಗೆ ಸಿಗದವರಲ್ಲಿ ಶೇ 12 ಮಂದಿಗೆ ಅತಿ ರಕ್ತಸ್ರಾವ ಆಯಿತು, ಸಿಕ್ಕವರಲ್ಲಿ ಶೇ 6.4 ಮಂದಿಗೆ. 2006ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಇಡೀ ಜಗತ್ತು ಓದಿತು. ನಮ್ಮದೇ ರಾಜ್ಯದ ಹಳ್ಳಿ, ನಮ್ಮದೇ ಹೆಣ್ಣುಮಕ್ಕಳು.

ಈಗ ನನ್ನ ಕೋರಿಕೆಗಳು. ಎಲ್ಲಕ್ಕಿಂತ ಮೊದಲು, ಬಸುರಿ ಊರು ಬದಲಿಸುವಾಗ ಅವಳ ಅಪಾಯದ ಸುದ್ದಿ ಅವಳಿಗಿಂತ ಮುಂಚೆ ಆ ಊರು ಮುಟ್ಟಬೇಕು. ನಮ್ಮಲ್ಲಿ ಏಳನೇ ತಿಂಗಳು ಕುಬುಸ ಮಾಡಿ ತವರಿಗೆ ಕಳಿಸುತ್ತಾರೆ. ಚೊಚ್ಚಲ ಹೆರಿಗೆ ಎಂದರೆ ತವರೇ. ಅಂದರೆ ಅಪಾಯ ಜಾಸ್ತಿ ಆಗುವ ಕಾಲಕ್ಕೆ ಸರಿಯಾಗಿ ಅವಳು ತನ್ನನ್ನು ಬಲ್ಲ ಸಿಸ್ಟರ್, ಬಲ್ಲ ಆಶಾ ಇಬ್ಬರನ್ನೂ ಬಿಟ್ಟು ಹೋಗುತ್ತಾಳೆ. ಈ ಪದ್ಧತಿ ಕೆಟ್ಟದ್ದಲ್ಲ. ತಾಯಿಯ ಕೈಯಲ್ಲಿ ಬಾಣಂತನ ಆಗುವುದು ಎಷ್ಟೋ ಹುಡುಗಿಯರಿಗೆ ಸಿಗುವ ಒಂದೇ ವಿಶ್ರಾಂತಿ. ಅದನ್ನು ಬದಲಿಸಲು ಹೋಗಬೇಡಿ, ವ್ಯವಸ್ಥೆಯನ್ನು ಅದಕ್ಕೆ ಹೊಂದಿಸಿ. ಕುಬುಸದ ದಿನ ಗೊತ್ತಾದ ಕೂಡಲೇ ಗಂಡನೂರಿನ ಆಶಾ ತವರೂರಿನ ಆಶಾಗೆ ಫೋನ್ ಮಾಡಿ ಆರ್‌ಸಿಎಚ್ ನಂಬರ್, ರಕ್ತದ ಗುಂಪು, ಹಿಮೋಗ್ಲೋಬಿನ್, ಬಿಪಿ ಹೇಳುವುದು ಕಡ್ಡಾಯವಾಗಲಿ. ಹೇಳಿದವರಿಗೂ ಕೇಳಿಸಿಕೊಂಡವರಿಗೂ ಪ್ರೋತ್ಸಾಹಧನ ಇರಲಿ, ಅದು ಸರಿಯಾಗಿ ಅವರ ಖಾತೆಗೆ ಬರಲಿ. ಪೋರ್ಟಲ್ಲಿನ ಗೊಂದಲದಿಂದ ದುಡಿದ ದುಡ್ಡು ಬರುತ್ತಿಲ್ಲ ಎಂದು ಆಶಾಗಳು ವರ್ಷಗಳಿಂದ ಹೇಳುತ್ತಿದ್ದಾರೆ, ಸುಮ್ನೆ ಹೇಳುತ್ತಿಲ್ಲ. ಗುಳೆ ಹೋಗುವವರ ಹಳ್ಳಿಗಳಲ್ಲಿ ದೀಪಾವಳಿ ಮುಗಿಯುತ್ತಿದ್ದಂತೆ ಬಸುರಿಯರ ಪಟ್ಟಿ ಮಾಡಿ, ಅವರು ಹೋಗುವ ಊರಿನ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಬೆಂಗಳೂರಿನ ಕಟ್ಟಡಗಳ ತಗಡಿನ ಶೆಡ್ಡುಗಳಲ್ಲಿ ಯಾದಗಿರಿ, ರಾಯಚೂರು, ಕಲಬುರಗಿಯ ಬಸುರಿಯರಿದ್ದಾರೆ. ಅಲ್ಲಿಗೆ ಯಾವ ಆಶಾ ಹೋಗಬೇಕು ಎಂಬುದು ಇವತ್ತೇ ತೀರ್ಮಾನ ಆಗಲಿ.

ತಾಯಿ ಕಾರ್ಡಿನಲ್ಲಿ ಇನ್ನೊಂದು ಪುಟ ಸೇರಿಸಿ. ಮದುವೆಯಾದಾಗ ಎಷ್ಟು ವಯಸ್ಸು, ಹಿಂದಿನ ಹೆರಿಗೆ ಆಗಿ ಎಷ್ಟು ತಿಂಗಳು, ಹೆರಿಗೆ ಎಲ್ಲಿ ಮಾಡಿಸುತ್ತಾರೆ, ರಾತ್ರಿ ನೋವು ಬಂದರೆ ಜೊತೆಗೆ ಬರುವವರು ಯಾರು, ರಕ್ತ ಕೊಡುವವರು ಯಾರು. ಹೊಡೆತದ ವಿಷಯ ಮಾತ್ರ ಮನೆಯವರ ಕಣ್ಣಿಗೆ ಬೀಳುವ ಕಾರ್ಡಿನಲ್ಲಿ ಬೇಡ, ಸಿಸ್ಟರ್ ಬಳಿ ಗುಟ್ಟಾಗಿ ಇರಲಿ. ಪ್ರತಿ ತಿಂಗಳ 9ನೇ ತಾರೀಕು ಬಸುರಿಯರ ವಿಶೇಷ ತಪಾಸಣೆ ಹೇಗೂ ನಡೆಯುತ್ತದೆ. ಅವತ್ತು ಮಧ್ಯಾಹ್ನ ಆಶಾ, ಅಂಗನವಾಡಿ ಟೀಚರ್, ಸಿಸ್ಟರ್ ಮೂವರೂ ಒಂದೇ ಪಟ್ಟಿ ಇಟ್ಟುಕೊಂಡು ಅರ್ಧ ಗಂಟೆ ಕೂರಲಿ. ಹೆರಿಗೆ ಆದ ಮೇಲೂ 42 ದಿನ ಆ ಹೆಸರು ಪಟ್ಟಿಯಿಂದ ಹೋಗಬಾರದು. ತಾಲೂಕು ಆಸ್ಪತ್ರೆಗಳಲ್ಲಿ ರಕ್ತ ಸಂಗ್ರಹ ಘಟಕದ ಬೋರ್ಡು ಇದ್ದಲ್ಲೆಲ್ಲ ಒಳಗೆ ರಕ್ತವೂ ಇರಲಿ.

ಕೊನೆಯದು, ಸಾವಿನ ವಿಮರ್ಶೆ. ಜಿಲ್ಲಾಧಿಕಾರಿಯ ಮುಂದೆ ನಡೆಯುವ ಆ ಸಭೆಗೆ ಸತ್ತವಳ ಮನೆಯವರನ್ನೂ ಕರೆಯಬೇಕೆಂಬ ನಿಯಮ ಇದೆ. ಕರೆಯಿರಿ. ಅವಳ ತಾಯಿಯನ್ನೇ ಕರೆಯಿರಿ. ಕೇರಳದಲ್ಲಿ ಹೆರಿಗೆ ತಜ್ಞರ ಸಂಘ 2004ರಿಂದ ಸಾವುಗಳ ಗೋಪ್ಯ ವಿಮರ್ಶೆ ಮಾಡುತ್ತಿದೆ. ಹೆಸರಿಲ್ಲ, ಶಿಕ್ಷೆಯಿಲ್ಲ, ಏನು ತಪ್ಪಿತು ಎಂದು ಮಾತ್ರ ಬರೆದು ಪ್ರಕಟಿಸುತ್ತಾರೆ. 2018-20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಕೇರಳದಲ್ಲಿ 19 ತಾಯಂದಿರು ತೀರಿಕೊಂಡರೆ ನಮ್ಮಲ್ಲಿ 69. ತಮಿಳುನಾಡು, ತೆಲಂಗಾಣ, ಆಂಧ್ರ ಮೂರೂ ನಮಗಿಂತ ಮುಂದಿದ್ದವು. 2019-21ರ ಲೆಕ್ಕದಲ್ಲಿ ನಮ್ಮ ಸಂಖ್ಯೆ ಇನ್ನಷ್ಟು ಇಳಿಯಿತು, ಅದಕ್ಕೆ ದುಡಿದವರಿಗೆ ನಾನು ಕೈಮುಗಿಯುತ್ತೇನೆ. 464 ಸಾವುಗಳ ಪರಿಶೀಲನೆ ಒಂದು ಸಲಕ್ಕೆ ಮುಗಿಯದೆ ಪ್ರತಿ ವರ್ಷ ನಡೆಯಲಿ, ಕನ್ನಡದಲ್ಲಿ ಪ್ರಕಟವಾಗಲಿ, ಅದರ ಒಂದು ಪ್ರತಿ ಪ್ರತಿ ಗ್ರಾಮ ಪಂಚಾಯಿತಿಗೆ ಹೋಗಲಿ. ಸಾವಿನ ಕಾರಣದ ಕಾಲಂನಲ್ಲಿ ರಕ್ತಸ್ರಾವ, ನಂಜು ಎಂದು ಬರೆದ ಮೇಲೆ, ಅವಳಿಗೆ ಎಷ್ಟನೇ ವಯಸ್ಸಿಗೆ ಮದುವೆ ಆಗಿತ್ತು, ಯಾವ ತಿಂಗಳಲ್ಲಿ ಅವಳು ನಮ್ಮ ಕಣ್ಣು ತಪ್ಪಿಸಿಕೊಂಡಳು ಎಂಬುದನ್ನೂ ಬರೆಯಿರಿ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಕಿ, ಕಲ್ಯಾಣ ಕರ್ನಾಟಕ